ಭಾವಸೂಚಕ ಚಿಹ್ನೆ: ಅರ್ಥ ಮತ್ತು ಪ್ರಯೋಗ

ಮಾತು ಕಿವಿಯ ವಿಷಯ. ಬರಹ ಕಣ್ಣಿನ ವಿಷಯ. ಆಡಿದ ಮಾತಿನಲ್ಲಿ ಪದಗಳೊಡನೆ ಧ್ವನಿಯ ಏರಿಳಿತ, ಉಸಿರಿನ ನಿಲುಗಡೆ, ಮುಖದ ಭಾವ, ಕೈಯ ಸನ್ನೆ ಇವೆಲ್ಲವೂ ಕೂಡಿಕೊಂಡು ಅರ್ಥವನ್ನು ಪೂರ್ಣಗೊಳಿಸುತ್ತವೆ. ಬರಹಕ್ಕೆ ಈ ನೆರವುಗಳಿಲ್ಲ. ಆಡಿದವನು ಎದುರಿಗಿಲ್ಲದಿರುವಾಗ ಅವನ ಪದಗಳು ಮಾತ್ರ ಓದುಗನ ಮುಂದೆ ಉಳಿಯುತ್ತವೆ. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಡುವುದಕ್ಕಾಗಿ ಹುಟ್ಟಿದವು ಲೇಖನ ಚಿಹ್ನೆಗಳು. ಅವುಗಳಲ್ಲಿ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳು ವಾಕ್ಯದ ರಚನೆಯನ್ನು ತಿಳಿಸುತ್ತವೆ. ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಎಂಬುದನ್ನು ಹೇಳುತ್ತವೆ. ಒಂದು ಚಿಹ್ನೆ ಮಾತ್ರ ಇವುಗಳಿಂದ ಬೇರೆಯಾಗಿ ನಿಲ್ಲುತ್ತದೆ. ಅದು ರಚನೆಯನ್ನಲ್ಲ, ಆಡುವವನ ಮನಸ್ಸಿನ ಸ್ಥಿತಿಯನ್ನು ಸೂಚಿಸುತ್ತದೆ. ಒಂದು ನಿಲುಗೆರೆ, ಅದರ ಕೆಳಗೊಂದು ಬಿಂದು; ಇದೇ ಭಾವಸೂಚಕ ಚಿಹ್ನೆ.

ರೂಪದಲ್ಲಿ ಇಷ್ಟು ಅಲ್ಪವಾದ ಈ ಗುರುತಿನ ವಿಷಯದಲ್ಲಿ ವಿಚಾರ ಮಾಡುವುದು ಅತಿಯೆಂದು ತೋರಬಹುದು. ಆದರೆ ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರು, ವಚನಗಳನ್ನು ಮುದ್ರಣದಲ್ಲಿ ಓದುವವರು, ಸಾಹಿತ್ಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಇದನ್ನು ಲಘುವಾಗಿ ಕಾಣುವಂತಿಲ್ಲ. ಮೂಲದಲ್ಲಿ ಇಲ್ಲದ ಒಂದು ಚಿಹ್ನೆಯನ್ನು ಸಂಪಾದಕನು ಸೇರಿಸಿದಾಗ ಪ್ರಾರ್ಥನೆಯು ಕೂಗಾಗಬಹುದು, ಪ್ರಶ್ನೆಯು ಉದ್ಗಾರವಾಗಬಹುದು, ಆಕ್ಷೇಪಣೆಯು ಪ್ರಶಂಸೆಯಾಗಬಹುದು. ಆದಕಾರಣ ಈ ಚಿಹ್ನೆಯ ಹುಟ್ಟು, ಅರ್ಥ, ಪ್ರಯೋಗಗಳನ್ನು ಕ್ರಮವಾಗಿ ಪರಿಶೀಲಿಸುವುದು ಅವಶ್ಯ.

೧. ಹೆಸರು

ಕನ್ನಡ ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಆಶ್ಚರ್ಯಸೂಚಕ ಚಿಹ್ನೆ, ಭಾವಸೂಚಕ ಚಿಹ್ನೆ, ಉದ್ಗಾರವಾಚಕ ಚಿಹ್ನೆ ಎಂಬಿವು ಮುಖ್ಯವಾದವು. ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೊದಲನೆಯದು. ಆದರೆ ಆ ಹೆಸರು ಚಿಹ್ನೆಯ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತದೆ. ಆಶ್ಚರ್ಯವು ಅನೇಕ ಭಾವಗಳಲ್ಲಿ ಒಂದು ಮಾತ್ರ. ಸಂತೋಷ, ದುಃಖ, ಕೋಪ, ಜುಗುಪ್ಸೆ, ಭಯ, ಮೆಚ್ಚುಗೆ, ತಿರಸ್ಕಾರ, ಎಚ್ಚರಿಕೆ, ಆಜ್ಞೆ, ಹಾರೈಕೆ ಇವೆಲ್ಲಕ್ಕೂ ಇದೇ ಚಿಹ್ನೆ ಬಳಕೆಯಾಗುತ್ತದೆ. ‘ಅಯ್ಯೋ, ಮನೆ ಬಿದ್ದುಹೋಯಿತು!’ ಎಂಬಲ್ಲಿ ಇರುವುದು ಶೋಕ, ‘ಛೀ, ತೊಲಗು!’ ಎಂಬಲ್ಲಿ ಇರುವುದು ಜುಗುಪ್ಸೆ, ‘ನಿಮಗೆ ಮಂಗಳವಾಗಲಿ!’ ಎಂಬಲ್ಲಿ ಇರುವುದು ಹಾರೈಕೆ. ಇವುಗಳಲ್ಲಿ ಆಶ್ಚರ್ಯದ ಸುಳಿವೇ ಇಲ್ಲ. ಆದಕಾರಣ ಭಾವಸೂಚಕ ಚಿಹ್ನೆಯೆಂಬ ಹೆಸರೇ ಸಮಂಜಸವಾದುದು.

ಆದರೂ ಆಶ್ಚರ್ಯಸೂಚಕವೆಂಬ ಹೆಸರು ನಿರಾಧಾರವಾದುದಲ್ಲ. ಯುರೋಪಿನಲ್ಲಿ ಈ ಚಿಹ್ನೆಗೆ ಮೊಟ್ಟಮೊದಲು ಬಂದ ಹೆಸರು ಅದೇ ಅರ್ಥದ್ದು. ಲ್ಯಾಟಿನ್ ಭಾಷೆಯಲ್ಲಿ ಅದನ್ನು ‘ಬೆರಗಿನ ಬಿಂದು’ ಎಂಬ ಅರ್ಥ ಬರುವಂತೆ ಕರೆದರು. ೧೬ನೆಯ ಶತಮಾನದಲ್ಲಿ ಇಂಗ್ಲಿಷ್ ಕಾಗುಣಿತದ ಸುಧಾರಣೆಗಾಗಿ ಬರೆದ ಜಾನ್ ಹಾರ್ಟ್ ಎಂಬವನು ಇದನ್ನು ‘ಬೆರಗಾಗುವವನು’ ಎಂದೇ ಹೆಸರಿಸಿದನು. ಡಾ. ಜಾನ್ಸನ್ನನ ಇಂಗ್ಲಿಷ್ ನಿಘಂಟು ೧೭೫೫ರಲ್ಲಿ ಹೊರಬಂದಾಗ ಅದರಲ್ಲಿ ಇದು ಭಾವಾವೇಶದಿಂದ ಕೂಡಿದ ವಾಕ್ಯದ ಗುರುತೆಂದು ವಿವರಿಸಲ್ಪಟ್ಟಿತು. ಬೆರಗಿನಿಂದ ಹೊರಟ ಚಿಹ್ನೆಯು ಕಾಲಕ್ರಮದಲ್ಲಿ ಸಮಸ್ತ ಭಾವಗಳ ಸೂಚಕವಾಗಿ ಹರಡಿದುದನ್ನು ಈ ಹೆಸರುಗಳ ಇತಿಹಾಸವೇ ತೋರಿಸಿಕೊಡುತ್ತದೆ.

೨. ಹುಟ್ಟು ಮತ್ತು ಹರಡಿಕೆ

ಈ ಚಿಹ್ನೆಯ ತವರು ಇಟಲಿ. ೧೪ನೆಯ ಶತಮಾನದ ಉತ್ತರಾರ್ಧದಲ್ಲಿ ಇಯಾಕೊಪೊ ಅಲ್ಪೊಲೇಯೊ ಎಂಬ ವಿದ್ವಾಂಸನು ಉದ್ಗಾರದ ವಾಕ್ಯಗಳನ್ನು ಜನರು ಸಾಮಾನ್ಯ ವಾಕ್ಯಗಳಂತೆಯೋ ಪ್ರಶ್ನೆಗಳಂತೆಯೋ ಓದುವುದನ್ನು ಕಂಡು, ಅಂಥ ವಾಕ್ಯಗಳ ಕೊನೆಗೆ ಬೇರೊಂದು ಗುರುತನ್ನು ತಾನೇ ಕಲ್ಪಿಸಿದುದಾಗಿ ಹೇಳಿಕೊಂಡಿದ್ದಾನೆ. ಚಿಹ್ನೆಯ ಹುಟ್ಟಿಗೆ ಕಾರಣ ಅಲಂಕಾರದ ಆಸೆಯಲ್ಲ, ತಪ್ಪು ಓದನ್ನು ತಡೆಯಬೇಕೆಂಬ ಕಾಳಜಿ ಎಂಬುದು ಇಲ್ಲಿ ಗಮನಾರ್ಹ. ಫ್ಲಾರೆನ್ಸ್ ನಗರದ ರಾಜ್ಯಕಾರ್ಯದರ್ಶಿಯಾಗಿದ್ದ ಕೊಲುಚ್ಚೊ ಸಲುತಾತಿ ಎಂಬ ಪಂಡಿತನ ಕೃತಿಯೊಂದರ ೧೩೯೯ರ ಹಸ್ತಪ್ರತಿಯಲ್ಲಿ ಈ ಚಿಹ್ನೆ ಬಳಕೆಯಾಗಿರುವುದು ಕಂಡುಬಂದಿದೆ. ಅಲ್ಲಿಂದ ಅದು ಮುದ್ರಣದ ಮೂಲಕ ಯುರೋಪಿನ ಇತರ ಭಾಷೆಗಳಿಗೆ ಹಬ್ಬಿತು.

ಲ್ಯಾಟಿನ್ನಿನಲ್ಲಿ ‘ಇಯೊ’ ಎಂಬುದು ಹರ್ಷೋದ್ಗಾರದ ಪದ. ಅದರ ಎರಡು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದುದರಿಂದ ನಿಲುಗೆರೆ ಮತ್ತು ಬಿಂದುವಿನ ಈ ಆಕಾರ ಬಂದಿತೆಂಬ ವಿವರಣೆಯೊಂದು ಬಹಳ ಪ್ರಚಾರದಲ್ಲಿದೆ. ಕೇಳಲು ಸೊಗಸಾಗಿದ್ದರೂ ಅದಕ್ಕೆ ಹಸ್ತಪ್ರತಿಗಳ ಆಧಾರವಿಲ್ಲ. ಸೊಗಸಾದ ನಿರುಕ್ತಿಗಳೆಲ್ಲ ನಿಜವಾದ ನಿರುಕ್ತಿಗಳಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹರಡಿದ ಮೇಲೆ ಒಂದೊಂದು ಭಾಷೆಯಲ್ಲಿ ಅದರ ಪ್ರಯೋಗ ಒಂದೊಂದು ಬಗೆಯಾಯಿತು. ಸ್ಪೇನಿನ ರಾಜ ಅಕಾಡೆಮಿಯು ೧೭೫೪ರಲ್ಲಿ ಪ್ರಶ್ನಾವಾಕ್ಯದ ಆರಂಭದಲ್ಲಿಯೂ ತಲೆಕೆಳಗಾದ ಚಿಹ್ನೆಯೊಂದನ್ನು ಇಡುವ ಕ್ರಮವನ್ನು ವಿಧಿಸಿತು. ಉದ್ಗಾರದ ವಾಕ್ಯಕ್ಕೂ ಅದೇ ಕ್ರಮ ಸಂದಿತು. ಇದರ ಉದ್ದೇಶ ಸ್ಪಷ್ಟ. ದೀರ್ಘವಾದ ವಾಕ್ಯವನ್ನು ಗಟ್ಟಿಯಾಗಿ ಓದುವವನಿಗೆ ಕೊನೆಯಲ್ಲಿ ಬರುವ ಚಿಹ್ನೆ ತಡವಾಗಿ ಸಿಕ್ಕ ಸೂಚನೆಯಾಗುತ್ತದೆ. ಆರಂಭದಲ್ಲಿಯೇ ಕಂಡರೆ ಧ್ವನಿಯನ್ನು ಹೊಂದಿಸಿಕೊಳ್ಳಲು ಅವಕಾಶವಾಗುತ್ತದೆ. ಜರ್ಮನ್ ಭಾಷೆಯಲ್ಲಿ ಆಜ್ಞಾರ್ಥಕ ವಾಕ್ಯಗಳ ಕೊನೆಗೆ ಈ ಚಿಹ್ನೆ ಬರುವುದು ವಾಡಿಕೆ. ಕಾಗದದ ಮೊದಲಲ್ಲಿ ಸಂಬೋಧಿಸುವಾಗಲೂ ಆ ಭಾಷಿಕರು ಬಹುಕಾಲ ಇದನ್ನೇ ಬಳಸುತ್ತಿದ್ದರು. ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸ್ಥಾನವನ್ನು ಅಲ್ಪವಿರಾಮವು ಆಕ್ರಮಿಸಿಕೊಂಡಿತು. ಜರ್ಮನ್ ಓದುಗನಿಗೆ ಸಹಜವೆನಿಸಿದ ಪ್ರಯೋಗ ಇಂಗ್ಲಿಷ್ ಓದುಗನಿಗೆ ಅರಚಾಟವೆನಿಸಬಹುದು. ಆದುದರಿಂದ ಚಿಹ್ನೆಯ ಬಲಾಬಲವು ಆಯಾ ಭಾಷೆಯ ರೂಢಿಯನ್ನು ಅವಲಂಬಿಸಿರುತ್ತದೆಯೇ ಹೊರತು ಚಿಹ್ನೆಯಲ್ಲಿಯೇ ನಿಯತವಾಗಿರುವುದಿಲ್ಲ.

ಭಾಷೆಯ ಹೊರಗೂ ಈ ಚಿಹ್ನೆಗೆ ಕೆಲಸ ದೊರೆತಿದೆ. ೧೮೦೮ರಲ್ಲಿ ಕ್ರಿಸ್ಟಿಯನ್ ಕ್ರಾಂಪ್ ಎಂಬ ಗಣಿತಜ್ಞನು ಒಂದರಿಂದ ಒಂದು ನಿರ್ದಿಷ್ಟ ಸಂಖ್ಯೆಯವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧಕ್ಕೆ ಇದನ್ನು ಸಂಕೇತವಾಗಿ ತಂದನು, ಅದರಂತೆ ೫! ಎಂದರೆ ೧೨೦. ಚದುರಂಗದ ಆಟದ ದಾಖಲೆಗಳಲ್ಲಿ ಒಳ್ಳೆಯ ನಡೆಗೆ ಒಂದು ಚಿಹ್ನೆ, ಅಸಾಧಾರಣವಾದ ನಡೆಗೆ ಎರಡು ಚಿಹ್ನೆಗಳನ್ನು ಹಾಕುತ್ತಾರೆ. ದಕ್ಷಿಣ ಆಫ್ರಿಕದ ಕೆಲವು ಭಾಷೆಗಳಲ್ಲಿ ನಾಲಗೆಯನ್ನು ಅಂಗುಳಿನಿಂದ ಕಿತ್ತು ನುಡಿಯುವ ಲೊಚಗುಟ್ಟುವ ಧ್ವನಿಯೊಂದುಂಟು. ಅದನ್ನು ಬರೆಯುವುದಕ್ಕೂ ಇದೇ ಆಕಾರ ಬಳಕೆಯಾಗುತ್ತದೆ. ಇವು ಸಂಕೇತಗಳು ಮಾತ್ರ. ಭಾವಕ್ಕೂ ಇವಕ್ಕೂ ಸಂಬಂಧವಿಲ್ಲ.

೩. ಭಾರತೀಯ ಪರಂಪರೆಯ ವಿಚಾರ

ಚಿಹ್ನೆಯು ಪರದೇಶದಿಂದ ಬಂದುದಾದರೂ ಅದು ಪರಿಹರಿಸಹೊರಟ ಸಮಸ್ಯೆ ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಭಾವವು ಉಚ್ಚಾರಣೆಯನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ವೈಯಾಕರಣರೂ ಆಲಂಕಾರಿಕರೂ ಸೂಕ್ಷ್ಮವಾಗಿ ಗಮನಿಸಿದ್ದರು.

ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ವಿಧ. ಮೂರು ಮಾತ್ರೆಯ ಕಾಲ ಎಳೆದು ನುಡಿಯುವ ಸ್ವರವೇ ಪ್ಲುತ. ಕೋಳಿಯ ಕೂಗಿನಲ್ಲಿ ಈ ಮೂರನ್ನೂ ಕೇಳಬಹುದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ದೂರದಲ್ಲಿರುವವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಪ್ಲುತವು ಬರುತ್ತದೆಂಬುದು ಸಂಪ್ರದಾಯದ ಮಾತು. ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಪ್ಲುತವು ಬರುವ ಸಂದರ್ಭಗಳನ್ನು ಒಂದೊಂದಾಗಿ ವಿಂಗಡಿಸಿದ್ದಾನೆ. ದೂರದಿಂದ ಕರೆಯುವುದು, ನಮಸ್ಕರಿಸಿದವನಿಗೆ ಪ್ರತಿವಚನ ಹೇಳುವುದು, ಗದರಿಸುವುದು ಮುಂತಾದವು ಅಲ್ಲಿ ಬರುತ್ತವೆ. ಸಂಬೋಧನೆಯ ಪದವು ವಾಕ್ಯದ ಆದಿಯಲ್ಲಿ ಎರಡು ಸಲ ಬಂದಾಗ ಅಸೂಯೆ, ಸಮ್ಮತಿ, ಕೋಪ, ನಿಂದೆ ಎಂಬ ಅರ್ಥಗಳಲ್ಲಿ ಸ್ವರವು ಹೇಗೆ ಬದಲಾಗುತ್ತದೆಂಬುದಕ್ಕೂ ಪ್ರತ್ಯೇಕ ಸೂತ್ರವಿದೆ. ಈ ಪ್ಲುತವನ್ನು ಬರಹದಲ್ಲಿ ತೋರಿಸಲು ಸ್ವರದ ಮುಂದೆ ಮೂರರ ಅಂಕಿಯನ್ನು ಬರೆಯುವುದು ವಾಡಿಕೆ, ‘ರಾಮಾ೩’ ಎಂಬಂತೆ. ಧ್ವನಿಯ ಭಾವವನ್ನು ಬರಹದಲ್ಲಿ ಗುರುತಿಸುವ ಸಾಧನ ನಮ್ಮಲ್ಲಿಯೂ ಇತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಎರಡಕ್ಕೂ ಒಂದು ವ್ಯತ್ಯಾಸವುಂಟು. ಮೂರರ ಅಂಕಿಯು ಉಚ್ಚಾರಣೆಯ ಕಾಲಪ್ರಮಾಣವನ್ನು ಹೇಳುತ್ತದೆ. ಭಾವವನ್ನು ಓದುಗನು ಸಂದರ್ಭದಿಂದ ತಿಳಿಯಬೇಕು. ಭಾವಸೂಚಕ ಚಿಹ್ನೆಯಾದರೋ ಭಾವವಿದೆಯೆಂದು ಹೇಳುತ್ತದೆ. ಉಚ್ಚಾರಣೆಯನ್ನು ಓದುಗನು ಊಹಿಸಬೇಕು.

ಎರಡನೆಯದು ಕಾಕುವಿನ ವಿಚಾರ. ಭಾವಕ್ಕನುಗುಣವಾಗಿ ಧ್ವನಿಯಲ್ಲಿ ಉಂಟಾಗುವ ವಿಕಾರವೇ ಕಾಕು. ಭರತನ ನಾಟ್ಯಶಾಸ್ತ್ರವು ಪಾಠ್ಯದ ಗುಣಗಳನ್ನು ವಿವರಿಸುವಾಗ ಇದನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಎರಡಾಗಿ ವಿಭಜಿಸುತ್ತದೆ. ಒಂದೇ ಪದಗಳ ವಾಕ್ಯವು ಕಾಕುವಿನ ಬಲದಿಂದ ವಿಧಿಯಾಗಿರುವುದು ನಿಷೇಧವಾಗಬಹುದು, ಹೇಳಿಕೆಯಾಗಿರುವುದು ಪ್ರಶ್ನೆಯಾಗಬಹುದು. ರುದ್ರಟನು ಇದನ್ನು ವಕ್ರೋಕ್ತಿಯೆಂಬ ಅಲಂಕಾರದ ಒಂದು ಭೇದವೆಂದು ಎಣಿಸಿದನು. ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರನು ಇದನ್ನು ಒಪ್ಪಲಿಲ್ಲ. ಕಾಕುವು ಅಭಿಪ್ರಾಯಗರ್ಭಿತವಾದ ಪಾಠಧರ್ಮ, ಅಂದರೆ ಓದುವ ರೀತಿಗೆ ಸೇರಿದ್ದು. ಅದು ಅಲಂಕಾರವಾಗುವುದು ಹೇಗೆ ಎಂಬುದು ಅವನ ಆಕ್ಷೇಪ. ಸಾವಿರ ವರ್ಷಗಳ ಹಿಂದಿನ ಈ ಚರ್ಚೆ ಇಂದಿನ ಚಿಹ್ನೆಯ ವಿಷಯಕ್ಕೂ ನೇರವಾಗಿ ಅನ್ವಯಿಸುತ್ತದೆ. ಭಾವಸೂಚಕ ಚಿಹ್ನೆಯು ಕೃತಿಗೆ ಸೇರಿದ್ದೋ ಓದಿಗೆ ಸೇರಿದ್ದೋ ಎಂಬುದೇ ಪ್ರಶ್ನೆ. ಕವಿಯು ತಾನೇ ಹಾಕಿದ್ದರೆ ಅದು ಕೃತಿಯ ಅಂಗ. ಬೇರೊಬ್ಬರು ಹಾಕಿದ್ದರೆ ಅದು ಓದಿನ ಅಂಗ, ಎಂದರೆ ವ್ಯಾಖ್ಯಾನ.

ಮೂರನೆಯದು ರಸವಿಚಾರ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವ. ರಸವು ವಿಭಾವ, ಅನುಭಾವ, ವ್ಯಭಿಚಾರಿಭಾವಗಳಿಂದ ವ್ಯಕ್ತವಾಗಬೇಕೇ ಹೊರತು ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ಉಂಟಾಗುವುದಿಲ್ಲ. ರಸಭಾವಗಳನ್ನು ಸ್ವಶಬ್ದದಿಂದ ಹೇಳುವುದನ್ನು ಮಮ್ಮಟನು ಕಾವ್ಯಪ್ರಕಾಶದಲ್ಲಿ ದೋಷಗಳ ಸಾಲಿನಲ್ಲಿ ಸೇರಿಸಿದ್ದಾನೆ. ಭಾವಸೂಚಕ ಚಿಹ್ನೆಯ ಅತಿಪ್ರಯೋಗಕ್ಕೂ ಈ ದೋಷಕ್ಕೂ ಹತ್ತಿರದ ನಂಟು. ವಾಕ್ಯದಲ್ಲಿ ಬೆರಗು ಇಲ್ಲದಿದ್ದರೆ ಚಿಹ್ನೆಯಿಂದ ಅದು ಹುಟ್ಟದು. ಇದ್ದರೆ ಚಿಹ್ನೆಯು ಬಹುಮಟ್ಟಿಗೆ ಪುನರುಕ್ತಿ.

೪. ಕನ್ನಡದ ಜಾಯಮಾನ

ತಾಳೆಗರಿಯ ಮತ್ತು ಕಾಗದದ ಹಳೆಯ ಹಸ್ತಪ್ರತಿಗಳಲ್ಲಿ ಪದಪದಗಳ ನಡುವೆ ತೆರಪು ಬಿಡುವ ಪದ್ಧತಿಯೇ ಇರಲಿಲ್ಲ. ಒಂಟಿಗೆರೆ, ಜೋಡಿಗೆರೆಗಳೇ ಬಹುಮಟ್ಟಿಗೆ ಇದ್ದ ವಿರಾಮಗಳು. ಇಂದಿನ ಲೇಖನ ಚಿಹ್ನೆಗಳ ಸಮೂಹವು ೧೯ನೆಯ ಶತಮಾನದಲ್ಲಿ ಮುದ್ರಣ ಮತ್ತು ಇಂಗ್ಲಿಷ್ ಶಿಕ್ಷಣಗಳ ಮೂಲಕ ಕನ್ನಡಕ್ಕೆ ಬಂದು ನೆಲೆಸಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಚ್ಚಾದುದು, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟುದು ಈ ಮಾರ್ಗದ ಮೊದಲ ಮೈಲಿಗಲ್ಲುಗಳು.

ಇಲ್ಲಿ ವಿಚಾರಿಸಬೇಕಾದ ಅಂಶವೆಂದರೆ, ಚಿಹ್ನೆಯನ್ನು ಕೊಟ್ಟ ಭಾಷೆಯ ಅಗತ್ಯವೂ ಪಡೆದ ಭಾಷೆಯ ಅಗತ್ಯವೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಸಂಬೋಧನೆಗೆ ಪ್ರತ್ಯೇಕ ರೂಪವಿಲ್ಲ. ಕರೆಯುವಾಗಲೂ ಹೇಳುವಾಗಲೂ ಹೆಸರು ಒಂದೇ ತೆರ. ಕನ್ನಡದಲ್ಲಿ ‘ಅಣ್ಣ’ ಎಂಬುದು ‘ಅಣ್ಣಾ’ ಆಗುತ್ತದೆ, ‘ತಂದೆ’ ಎಂಬುದು ‘ತಂದೆಯೇ’ ಆಗುತ್ತದೆ, ‘ಮಕ್ಕಳು’ ಎಂಬುದು ‘ಮಕ್ಕಳಿರಾ’ ಆಗುತ್ತದೆ. ಕರೆಯುವ ಭಾವವು ಪದದ ದೇಹದಲ್ಲಿಯೇ ಸೇರಿಕೊಂಡಿದೆ. ಆಹಾ, ಅಬ್ಬಾ, ಅಯ್ಯೋ, ಅಕ್ಕಟಾ, ಭಳಿರೆ, ಛೀ, ಎಲಾ ಮುಂತಾದ ಭಾವಸೂಚಕಾವ್ಯಯಗಳ ಸಂಪತ್ತು ನಮ್ಮ ಭಾಷೆಯಲ್ಲಿ ಸಮೃದ್ಧವಾಗಿದೆ. ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೧೩ನೆಯ ಶತಮಾನದಲ್ಲಿಯೇ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇದಲ್ಲದೆ ಕ್ರಿಯಾಪದದ ಕೊನೆಗೆ ಹತ್ತುವ ಕಿರಿಯ ಪ್ರತ್ಯಯಗಳು ಭಾವದ ಸೂಕ್ಷ್ಮ ಛಾಯೆಗಳನ್ನು ತೋರಿಸುತ್ತವೆ. ‘ಬಂದೆ’ ಎಂಬುದು ಬರಿಯ ಹೇಳಿಕೆ. ‘ಬಂದೆಯಾ’ ಎಂಬುದು ಪ್ರಶ್ನೆ. ‘ಬಂದುಬಿಟ್ಟೆಯಲ್ಲಾ’ ಎಂಬುದು ಆಕ್ಷೇಪ ಇಲ್ಲವೆ ಅಚ್ಚರಿ. ‘ಬಂದೆಯೋ ಇಲ್ಲವೋ’ ಎಂಬುದು ಸಂಶಯ. ಇಂಥ ರೂಪಗಳಿಗೆ ಚಿಹ್ನೆಯ ಊರುಗೋಲು ಅನಾವಶ್ಯಕ. ‘ಅಬ್ಬಾ’ ಎಂದ ಮೇಲೆ ಬೆರಗು ತಿಳಿದೇ ಹೋಯಿತು.

ಹಾಗಾದರೆ ಕನ್ನಡಕ್ಕೆ ಈ ಚಿಹ್ನೆ ಎಲ್ಲಿ ನಿಜವಾಗಿ ಬೇಕು? ಪದಗಳು ಉಭಯಾರ್ಥಕ್ಕೆ ಎಡೆಕೊಡುವಲ್ಲಿ ಬೇಕು. ಏನು, ಎಷ್ಟು, ಎಂಥ, ಹೇಗೆ, ಯಾರು ಎಂಬ ಪದಗಳು ಕನ್ನಡದಲ್ಲಿ ಪ್ರಶ್ನೆಗೂ ಉದ್ಗಾರಕ್ಕೂ ಸಮಾನವಾಗಿ ಸಲ್ಲುತ್ತವೆ. ‘ಅವರು ಎಷ್ಟು ಗ್ರಂಥಗಳನ್ನು ಓದಿದ್ದಾರೆ?’ ಎಂದರೆ ಲೆಕ್ಕ ಕೇಳಿದಂತಾಯಿತು. ‘ಅವರು ಎಷ್ಟು ಗ್ರಂಥಗಳನ್ನು ಓದಿದ್ದಾರೆ!’ ಎಂದರೆ ಪಾಂಡಿತ್ಯವನ್ನು ಮೆಚ್ಚಿದಂತಾಯಿತು. ‘ಇದೆಂಥ ನ್ಯಾಯ?’ ಎಂಬುದು ವಿಚಾರಣೆ, ‘ಇದೆಂಥ ನ್ಯಾಯ!’ ಎಂಬುದು ಮೆಚ್ಚುಗೆಯೂ ಆಗಬಹುದು, ಮರುಕವೂ ಆಗಬಹುದು, ವ್ಯಂಗ್ಯವೂ ಆಗಬಹುದು. ಪದಗಳು ಬದಲಾಗಲಿಲ್ಲ, ಅವುಗಳ ಕ್ರಮ ಬದಲಾಗಲಿಲ್ಲ. ಚಿಹ್ನೆಯೊಂದರಿಂದಲೇ ವಾಕ್ಯದ ಜಾತಿ ಬದಲಾಯಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಮತ್ತು ಉದ್ಗಾರಗಳಲ್ಲಿ ಸಾಮಾನ್ಯವಾಗಿ ಪದಕ್ರಮವೇ ಬೇರೆಯಾಗುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಹೀಗೆ ಇಂಗ್ಲಿಷಿಗೆ ಬೇಕಾದಲ್ಲಿ ಕನ್ನಡಕ್ಕೆ ಬೇಡ, ಇಂಗ್ಲಿಷಿಗೆ ಅಷ್ಟಾಗಿ ಬೇಡದಲ್ಲಿ ಕನ್ನಡಕ್ಕೆ ಬೇಕು. ಇಂಗ್ಲಿಷಿನ ನಿಯಮವನ್ನು ಯಥಾವತ್ತಾಗಿ ಅನುಸರಿಸುವುದರಿಂದಾಗುವ ಅನರ್ಥಗಳಿಗೆ ಮೂಲ ಇಲ್ಲಿದೆ.

ಮತ್ತೊಂದು ತೊಡಕು ಲಿಪಿಗೆ ಸಂಬಂಧಿಸಿದ್ದು. ರೋಮನ್ ಲಿಪಿಯಲ್ಲಿ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳ ಭೇದವಿದೆ. ವಾಕ್ಯದ ನಡುವೆ ಉದ್ಗಾರ ಬಂದು ಅದರ ಮುಂದೆ ಚಿಕ್ಕಕ್ಷರವಿದ್ದರೆ ವಾಕ್ಯ ಇನ್ನೂ ಮುಗಿದಿಲ್ಲವೆಂದು ಓದುಗನಿಗೆ ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲದ ಕಾರಣ ನಡುವೆ ಬಂದ ಚಿಹ್ನೆಯು ವಾಕ್ಯವನ್ನು ಮುಗಿಸಿತೋ ಇಲ್ಲವೋ ತಿಳಿಯುವುದಿಲ್ಲ. ‘ಅಯ್ಯೋ! ಪಾಪ! ಆ ಮಗು! ಬಿದ್ದುಬಿಟ್ಟಿತು!’ ಎಂದು ಬರೆದರೆ ಒಂದು ವಾಕ್ಯ ನಾಲ್ಕು ತುಂಡಾಗುತ್ತದೆ. ‘ಅಯ್ಯೋ ಪಾಪ, ಆ ಮಗು ಬಿದ್ದುಬಿಟ್ಟಿತು!’ ಎಂದರೆ ಭಾವವೂ ಉಳಿಯಿತು, ವಾಕ್ಯವೂ ಉಳಿಯಿತು. ಆದಕಾರಣ ಕನ್ನಡದಲ್ಲಿ ಅವ್ಯಯದ ಮುಂದೆ ಅಲ್ಪವಿರಾಮವನ್ನಿಟ್ಟು, ಚಿಹ್ನೆಯನ್ನು ವಾಕ್ಯದ ಕೊನೆಗೆ ಒಂದೇ ಸಲ ಬಳಸುವುದು ಲೇಸು.

ಉದ್ಧರಣ ಚಿಹ್ನೆಯೊಡನೆ ಸೇರಿದಾಗ ಸ್ಥಾನದ ವಿವೇಕ ಬೇಕು. ಭಾವವು ಉದ್ಧೃತ ಮಾತನ್ನು ಆಡಿದವನದಾದರೆ ಚಿಹ್ನೆಯು ಉದ್ಧರಣದ ಒಳಗಿರಬೇಕು, ಲೇಖಕನದಾದರೆ ಹೊರಗಿರಬೇಕು. ಇನ್ನೊಬ್ಬರ ಅಭಿಪ್ರಾಯವನ್ನು ಎತ್ತಿಹೇಳಿ, ಅದರ ಮುಂದೆ ಆವರಣದಲ್ಲಿ ಈ ಚಿಹ್ನೆಯನ್ನಿಟ್ಟು ಹಾಸ್ಯ ಮಾಡುವ ಪದ್ಧತಿಯೊಂದು ವಾದಗ್ರಂಥಗಳಲ್ಲಿ ಕಂಡುಬರುತ್ತದೆ. ಅದು ಖಂಡನೆಯಲ್ಲ, ಖಂಡನೆಗೆ ಕಾರಣ ಕೊಡಬೇಕು, ಚಿಹ್ನೆಯು ಕಾರಣವನ್ನು ಕೊಡುವುದಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಖಚಿತವಲ್ಲದ ಸುದ್ದಿಯ ಮುಂದೆ ಇದನ್ನಿಟ್ಟು, ಹೇಳಿಯೂ ಹೇಳದಂತೆ ಜಾರಿಕೊಳ್ಳುವ ಅಭ್ಯಾಸವೂ ಬೆಳೆದಿದೆ. ಅಲ್ಲಿ ಚಿಹ್ನೆಯು ಭಾವದ ಸೂಚಕವಲ್ಲ, ಹೊಣೆಗಾರಿಕೆಯಿಂದ ತಪ್ಪಿಸಿಕೊಳ್ಳುವ ಉಪಾಯ.

೫. ವಚನಗಳ ಮುದ್ರಣದಲ್ಲಿ ಚಿಹ್ನೆ

೧೨ನೆಯ ಶತಮಾನದ ಶರಣರ ವಚನಗಳು ತಲೆಮಾರುಗಳ ಕಾಲ ತಾಳೆಗರಿಯ ಕಟ್ಟುಗಳಲ್ಲಿ ಉಳಿದು ಬಂದು, ಮುದ್ರಣದ ಮೂಲಕ ಲೋಕಕ್ಕೆ ತಲುಪಿದವು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ೧೯೨೩ರಲ್ಲಿ ಬೆಳಕಿಗೆ ಬಂದಿತು. ಅಲ್ಲಿಂದ ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳವರೆಗೆ ಸಂಪಾದಕರ ಪರಿಶ್ರಮದ ದೊಡ್ಡ ಪರಂಪರೆಯಿದೆ. ಪದಗಳನ್ನು ಬಿಡಿಸುವುದು, ಸಾಲುಗಳನ್ನು ಒಡೆಯುವುದು, ವಿರಾಮಗಳನ್ನು ಇಡುವುದು ಇವೆಲ್ಲ ಸಂಪಾದಕರ ಪಾಲಿನ ಕೆಲಸ. ಇವು ಇಲ್ಲದೆ ಇಂದಿನ ಓದುಗನಿಗೆ ವಚನದೊಳಗೆ ಪ್ರವೇಶವೇ ಇಲ್ಲ. ಆದರೆ ಇವೆಲ್ಲವುಗಳಲ್ಲಿ ಭಾವಸೂಚಕ ಚಿಹ್ನೆಯು ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಅದಕ್ಕೆ ನಾಲ್ಕು ಕಾರಣಗಳುಂಟು.

ಮೊದಲನೆಯದು ಅಂಕಿತದ ವಿಷಯ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗಳ ಗುಹೇಶ್ವರ ಮುಂತಾದ ಅಂಕಿತಗಳು ಬಹುಮಟ್ಟಿಗೆ ವಚನದ ಕೊನೆಯಲ್ಲಿ ಬರುತ್ತವೆ. ಅಂಕಿತವು ಎಲ್ಲ ಕಡೆಯೂ ಸಂಬೋಧನೆಯಾಗಿರುವುದಿಲ್ಲ. ಕೆಲವೆಡೆ ವಾಕ್ಯದ ಕರ್ತೃವಾಗಿ, ಕೆಲವೆಡೆ ಇತರ ವಿಭಕ್ತಿಗಳಲ್ಲಿ ಬರುತ್ತದೆ. ಅಲ್ಲೆಲ್ಲ ಯಾಂತ್ರಿಕವಾಗಿ ಚಿಹ್ನೆಯನ್ನಿಟ್ಟರೆ ವ್ಯಾಕರಣವೇ ಕೆಡುತ್ತದೆ. ಸಂಬೋಧನೆಯಾಗಿರುವಲ್ಲಿಯೂ ಅದು ಕೂಗಿ ಕರೆಯುವ ಸಂಬೋಧನೆಯೆಂದು ಭಾವಿಸಬೇಕಾಗಿಲ್ಲ. ದೂರದಲ್ಲಿರುವವನನ್ನು ಕರೆಯಲು ಪ್ಲುತ ಬೇಕು; ಅಂಗೈಯಲ್ಲಿರುವ ಇಷ್ಟಲಿಂಗದೊಡನೆ ಮಾತನಾಡುವವನಿಗೆ ಏರಿದ ಧ್ವನಿಯ ಆವಶ್ಯಕತೆ ಏನು? ಅಲ್ಲಿ ಅಂಕಿತವು ಎಷ್ಟೋ ವೇಳೆ ಆಪ್ತವಾದ ಪಿಸುಮಾತು. ಅದರ ಮುಂದೆ ನಿಂತ ಚಿಹ್ನೆಯು ಆ ಸಾಮೀಪ್ಯವನ್ನು ದೂರವಾಗಿಸುತ್ತದೆ.

ಎರಡನೆಯದು ಪ್ರಶ್ನೆಯ ರೂಪದ ವಾಕ್ಯಗಳ ವಿಷಯ. ಉದಾಹರಣೆಗಾಗಿ ಕಲ್ಪಿಸಿದ ಒಂದು ವಾಕ್ಯವನ್ನು ನೋಡಬಹುದು: ‘ನನ್ನ ಮೊರೆ ನಿನಗೆ ಕೇಳಿಸಲಿಲ್ಲವೇಕೆ ತಂದೆ’. ಇದರ ಕೊನೆಗೆ ಪ್ರಶ್ನಾರ್ಥಕವನ್ನು ಇಟ್ಟರೆ ಉತ್ತರವನ್ನು ಬೇಡುವ ಜಿಜ್ಞಾಸೆಯಾಗುತ್ತದೆ. ಭಾವಸೂಚಕವನ್ನು ಇಟ್ಟರೆ ಉತ್ತರ ಬಾರದೆಂದು ತಿಳಿದವನ ಅಳಲಾಗುತ್ತದೆ. ಪೂರ್ಣವಿರಾಮವನ್ನು ಇಟ್ಟರೆ ಅಳಲನ್ನೂ ದಾಟಿದವನ ಶಾಂತವಾದ ನಿವೇದನೆಯಾಗುತ್ತದೆ. ಮೂರೂ ಸಾಧ್ಯ. ಮೂಲದಲ್ಲಿ ಈ ಮೂರಕ್ಕೂ ಎಡೆಯಿತ್ತು. ಚಿಹ್ನೆ ಬಿದ್ದ ಗಳಿಗೆಯಿಂದ ಎರಡು ಬಾಗಿಲುಗಳು ಮುಚ್ಚಿದವು. ಸಂಪಾದಕನು ಆರಿಸಿದ ಅರ್ಥವೇ ವಚನಕಾರನ ಅರ್ಥವೆಂದು ಓದುಗನು ನಂಬುತ್ತಾನೆ.

ಮೂರನೆಯದು ಬೆಡಗಿನ ವಚನಗಳ ವಿಷಯ. ಲೋಕದ ಅನುಭವಕ್ಕೆ ವಿರುದ್ಧವೆಂದು ತೋರುವ ಸಂಗತಿಗಳನ್ನು ಆ ವಚನಗಳು ಕಂಡದ್ದನ್ನು ಕಂಡಂತೆ ಹೇಳುವ ರೀತಿಯಲ್ಲಿ ಹೇಳುತ್ತವೆ. ಹೇಳುವವನಿಗೆ ಅದು ಅನುಭವ, ಕೇಳುವವನಿಗೆ ಮಾತ್ರ ಬೆರಗು. ಪ್ರತಿಯೊಂದು ಸಾಲಿನ ಮುಂದೆಯೂ ಭಾವಸೂಚಕ ಚಿಹ್ನೆಯಿದ್ದರೆ ಹೇಳುವವನೂ ಬೆರಗಾಗಿ ನಿಂತಂತೆ ಕಾಣುತ್ತದೆ, ಅನುಭಾವಿಯು ಜಾದೂಗಾರನಾಗುತ್ತಾನೆ. ಬೆಡಗಿನ ಶಕ್ತಿಯಿರುವುದು ಅದರ ನಿರುದ್ವಿಗ್ನವಾದ ನುಡಿಯಲ್ಲಿ.

ನಾಲ್ಕನೆಯದು ಸಂದರ್ಭದ ವಿಷಯ. ಶೂನ್ಯಸಂಪಾದನೆಯ ಸಂಕಲನಕಾರರು ಬೇರೆಬೇರೆ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದು, ನಡುನಡುವೆ ಸಂದರ್ಭವನ್ನು ಸೂಚಿಸುವ ಗದ್ಯವನ್ನು ಸೇರಿಸಿದರು. ಬಿಡಿಯಾಗಿ ಓದಿದಾಗ ಸ್ವಗತದಂತಿರುವ ವಚನವು ಆ ಸಂವಾದದಲ್ಲಿ ಪ್ರತ್ಯುತ್ತರವಾಗುತ್ತದೆ, ಎಚ್ಚರಿಕೆಯಾಗುತ್ತದೆ, ಪರೀಕ್ಷೆಯಾಗುತ್ತದೆ. ಪದಗಳು ಅವೇ ಇದ್ದರೂ ಭಾವ ಬೇರೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಸಂಕಲನಕಾರರು ಭಾವವನ್ನು ಸೂಚಿಸಲು ವಚನದ ಒಳಗೆ ಕೈಹಾಕಲಿಲ್ಲ. ಅದರ ಹೊರಗೆ ತಮ್ಮ ಮಾತಿನಲ್ಲಿ ಸಂದರ್ಭವನ್ನು ಹೇಳಿದರು. ಯಾವುದು ಮೂಲ, ಯಾವುದು ವಿವರಣೆ ಎಂಬುದು ಓದುಗನಿಗೆ ಸ್ಪಷ್ಟವಾಗಿ ಉಳಿಯಿತು. ಆಧುನಿಕ ಸಂಪಾದಕನಿಗೂ ಇದೇ ಮಾದರಿ ಮಾರ್ಗದರ್ಶಕ. ಭಾವವನ್ನು ತಿಳಿಸಬೇಕೆನಿಸಿದರೆ ಅಡಿಟಿಪ್ಪಣಿಯಲ್ಲಿ ತಿಳಿಸಲಿ. ಮೂಲದ ಒಳಗೆ ಚಿಹ್ನೆಯಾಗಿ ನೆಡದಿರಲಿ.

ಚಿಹ್ನೆಗಳನ್ನು ಸಂಪೂರ್ಣವಾಗಿ ಕೈಬಿಡಬೇಕೆಂದು ಇದರ ಅರ್ಥವಲ್ಲ. ವಿದ್ವಾಂಸರಿಗಾಗಿ ಸಿದ್ಧಪಡಿಸುವ ಪರಿಷ್ಕರಣದಲ್ಲಿ ಚಿಹ್ನೆಗಳು ಕನಿಷ್ಠವಾಗಿರಬೇಕು. ಸಂಪಾದಕನು ಅನುಸರಿಸಿದ ಕ್ರಮವನ್ನು ಪ್ರಸ್ತಾವನೆಯಲ್ಲಿ ಹೇಳಿರಬೇಕು. ಶಾಲೆಯ ಮಕ್ಕಳಿಗಾಗಿ, ಸಾಮಾನ್ಯ ಓದುಗರಿಗಾಗಿ ಹೊರತರುವ ಜನಪ್ರಿಯ ಆವೃತ್ತಿಯಲ್ಲಿ ಹೆಚ್ಚಿನ ಚಿಹ್ನೆಗಳಿಗೆ ಅವಕಾಶವುಂಟು. ಆದರೆ ಅಲ್ಲಿಯೂ ಇವು ಸಂಪಾದಕನವು ಎಂಬ ಒಂದು ಸಾಲಿನ ಸೂಚನೆ ಅವಶ್ಯ.

೬. ಮಿತಿ ಮತ್ತು ಅತಿ

ರಷ್ಯದ ಪ್ರಸಿದ್ಧ ಕತೆಗಾರ ಚೆಕಾಫನು ೧೮೮೫ರಲ್ಲಿ ಈ ಚಿಹ್ನೆಯನ್ನೇ ವಸ್ತುವಾಗಿರಿಸಿಕೊಂಡು ಒಂದು ಸಣ್ಣ ಕತೆಯನ್ನು ಬರೆದನು. ಕತೆಯ ಹೆಸರೂ ಅದೇ. ನಲವತ್ತು ವರ್ಷ ಸರ್ಕಾರಿ ಕಾಗದಪತ್ರಗಳನ್ನು ಬರೆದ ಗುಮಾಸ್ತನೊಬ್ಬನು ಒಂದು ರಾತ್ರಿ ನಿದ್ದೆ ಬಾರದೆ, ತಾನು ಬಳಸಿದ ಚಿಹ್ನೆಗಳನ್ನೆಲ್ಲ ನೆನೆಸಿಕೊಳ್ಳುತ್ತಾನೆ. ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ ಎಲ್ಲವೂ ನೆನಪಿಗೆ ಬರುತ್ತವೆ. ಭಾವಸೂಚಕ ಚಿಹ್ನೆಯನ್ನು ಮಾತ್ರ ಒಮ್ಮೆಯೂ ಬಳಸಿಲ್ಲವೆಂಬುದು ಹೊಳೆಯುತ್ತದೆ. ಸಂತೋಷ, ಕೋಪ, ಉತ್ಸಾಹಗಳಿಗೆ ಅದನ್ನು ಬಳಸುತ್ತಾರೆಂದು ಹೆಂಡತಿ ಹೇಳಿದಾಗ, ಅಂಥ ಭಾವವೊಂದೂ ತನ್ನ ಬರವಣಿಗೆಯಲ್ಲಿ ಬಂದಿಲ್ಲವಲ್ಲ ಎಂಬ ಅರಿವು ಅವನನ್ನು ಕಾಡುತ್ತದೆ. ಮರುದಿನ ಮೇಲಧಿಕಾರಿಯ ಮನೆಯ ಸಂದರ್ಶಕರ ಪುಸ್ತಕದಲ್ಲಿ ತನ್ನ ಹೆಸರನ್ನು ಬರೆದು ಅದರ ಮುಂದೆ ಮೂರು ಚಿಹ್ನೆಗಳನ್ನು ಇಟ್ಟಾಗ ಅವನಿಗೆ ಸಮಾಧಾನವಾಗುತ್ತದೆ. ಚಿಹ್ನೆಯ ಅಭಾವವೂ ಒಂದು ಅರ್ಥವನ್ನು ಹೇಳುತ್ತದೆಂಬುದನ್ನು ಈ ಕತೆ ಮನಮುಟ್ಟುವಂತೆ ತೋರಿಸುತ್ತದೆ. ಭಾವವನ್ನೇ ಅಳಿಸಿಹಾಕಿದ ಬರವಣಿಗೆ ಒಂದು ತುದಿ.

ಇನ್ನೊಂದು ತುದಿ ಅತಿಪ್ರಯೋಗ. ಹಿಂದಿನ ಬೆರಳಚ್ಚು ಯಂತ್ರಗಳಲ್ಲಿ ಅನೇಕಕ್ಕೆ ಈ ಚಿಹ್ನೆಯ ಕೀಲಿಯೇ ಇರಲಿಲ್ಲ. ಮೇಲಿನ ಗೆರೆಯನ್ನು ಒತ್ತಿ, ಹಿಂದಕ್ಕೆ ಸರಿಸಿ, ಕೆಳಗೆ ಬಿಂದುವನ್ನು ಒತ್ತಿ ಅದನ್ನು ಕೂಡಿಸಬೇಕಾಗಿತ್ತು. ಮೂರು ಸಲ ಬೆರಳಾಡಿಸಬೇಕಾದವನು ಬೇಕೋ ಬೇಡವೋ ಎಂದು ಯೋಚಿಸುತ್ತಿದ್ದನು. ಇಂದು ಒಂದು ಸ್ಪರ್ಶಕ್ಕೆ ಅದು ಮೂಡುತ್ತದೆ. ಮೊಬೈಲ್ ಫೋನಿನ ಸಂದೇಶಗಳಲ್ಲಿ ಎರಡು, ಮೂರು, ಐದು ಸಾಲುಗಟ್ಟಿ ಬರುತ್ತವೆ. ಅಲ್ಲಿ ಚಿಹ್ನೆಯಿಲ್ಲದ ವಂದನೆ ಒಣ ವಂದನೆಯೆಂದೂ, ಪೂರ್ಣವಿರಾಮವು ಮುನಿಸೆಂದೂ ತೋರುವ ಸ್ಥಿತಿ ಬಂದಿದೆ. ಒಂದು ನಾಣ್ಯವನ್ನು ಮಿತಿಮೀರಿ ಟಂಕಿಸಿದರೆ ಅದರ ಬೆಲೆ ಇಳಿಯುವಂತೆ ಚಿಹ್ನೆಯ ಬೆಲೆಯೂ ಇಳಿಯುತ್ತದೆ. ಒಂದು ಪುಟದಲ್ಲಿ ಹತ್ತು ಉದ್ಗಾರಗಳಿದ್ದರೆ ಹನ್ನೊಂದನೆಯದನ್ನು ಓದುಗನು ಕೇಳಿಸಿಕೊಳ್ಳುವುದಿಲ್ಲ. ಪ್ರಶ್ನೆ ಮ���್ತು ಬೆರಗು ಎರಡನ್ನೂ ಬೆಸೆದು ಒಂದೇ ಚಿಹ್ನೆಯನ್ನು ಮಾಡಬೇಕೆಂದು ೧೯೬೨ರಲ್ಲಿ ಅಮೆರಿಕದ ಜಾಹೀರಾತು ಲೇಖಕ ಮಾರ್ಟಿನ್ ಸ್ಪೆಕ್ಟರ್ ಸಲಹೆ ಮಾಡಿದನು. ಆದರೆ ಆ ಹೊಸ ಚಿಹ್ನೆ ಬರಹಗಾರರ ಸಾಮಾನ್ಯ ಬಳಕೆಗೆ ಬರಲಿಲ್ಲ. ಭಾವಗಳಿಗೆ ಲೆಕ್ಕವಿಲ್ಲ, ಪ್ರತಿಯೊಂದಕ್ಕೂ ಚಿಹ್ನೆ ಕಲ್ಪಿಸುತ್ತ ಹೋದರೆ ವರ್ಣಮಾಲೆಗಿಂತ ಚಿಹ್ನೆಗಳ ಮಾಲೆಯೇ ದೊಡ್ಡದಾದೀತು.

೭. ಉಪಸಂಹಾರ

ಇದುವರೆಗಿನ ವಿಚಾರದಿಂದ ಕೆಲವು ನಿರ್ಣಯಗಳು ಸಿದ್ಧಿಸುತ್ತವೆ. ಪದ ಮತ್ತು ಪ್ರತ್ಯಯಗಳಿಂದಲೇ ಭಾವವು ಸ್ಪಷ್ಟವಾಗಿರುವಲ್ಲಿ ಚಿಹ್ನೆಯು ಐಚ್ಛಿಕ. ಪ್ರಶ್ನೆಯೋ ಉದ್ಗಾರವೋ ಎಂಬ ಸಂದೇಹಕ್ಕೆ ಎಡೆಯಿರುವಲ್ಲಿ ಅದು ಅವಶ್ಯ. ವಾಕ್ಯಕ್ಕೆ ಒಂದು ಚಿಹ್ನೆ ಸಾಕು, ಅದು ಕೊನೆಯಲ್ಲಿದ್ದರೆ ಚೆನ್ನ. ಶಾಸ್ತ್ರ, ವರದಿ, ನ್ಯಾಯನಿರ್ಣಯ ಮೊದಲಾದ ನಿರ್ಲಿಪ್ತ ಬರವಣಿಗೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ನಾಟಕ, ಕತೆ, ಆತ್ಮೀಯ ಪತ್ರಗಳಲ್ಲಿ ಹಿತಮಿತವಾದ ಸ್ಥಾನವುಂಟು. ಮತ್ತೊಬ್ಬರ ಕೃತಿಯಲ್ಲಿ, ವಿಶೇಷವಾಗಿ ಪ್ರಾಚೀನರ ಕೃತಿಯಲ್ಲಿ, ಅದನ್ನು ಇಡುವುದೆಂದರೆ ವ್ಯಾಖ್ಯಾನ ಮಾಡಿದಂತೆಯೇ ಸರಿ. ವ್ಯಾಖ್ಯಾನದ ಹೊಣೆಯನ್ನು ಹೊರುವ ಸಿದ್ಧತೆಯಿದ್ದವರು ಮಾತ್ರ ಆ ಕೆಲಸಕ್ಕೆ ಕೈಹಾಕಬೇಕು.

ಓದುಗನ ಪಾಲಿಗೂ ಒಂದು ಕರ್ತವ್ಯವುಂಟು. ಮುದ್ರಿತವಾದ ವಚನವನ್ನು ಕೈಗೆತ್ತಿಕೊಂಡಾಗ ಅದರಲ್ಲಿರುವ ಭಾವಸೂಚಕ ಚಿಹ್ನೆಗಳನ್ನು ಒಮ್ಮೆ ಬೆರಳಿನಿಂದ ಮುಚ್ಚಿ ಗಟ್ಟಿಯಾಗಿ ಓದಬೇಕು. ಅನಂತರ ಅದನ್ನೇ ಮೆಲ್ಲನೆ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ ಓದಬೇಕು. ಎರಡು ಓದುಗಳಲ್ಲಿ ಎರಡು ಭಾವಗಳು ಹೊರಟರೆ ಎರಡನ್ನೂ ಪದಗಳ ಮೇಲಿಟ್ಟು ತೂಗಿನೋಡಬೇಕು. ಸಂಪಾದಕನ ಚಿಹ್ನೆಯು ಅನೇಕ ವೇಳೆ ಸರಿಯಾಗಿಯೇ ಇದ್ದೀತು. ಆದರೆ ಅದು ಸರಿಯೆಂಬುದನ್ನು ಓದುಗನು ತನ್ನ ಕಿವಿಯಿಂದ ಕೇಳಿ ಒಪ್ಪಿಕೊಂಡಾಗಲೇ ವಚನವು ಅವನ ನಾಲಗೆಯ ಮೇಲೆ ಮತ್ತೆ ಮಾತಾಗುತ್ತದೆ.